ಕರಗಿಹೋದ ಸಾಕ್ಷಿ

ಆಯಿಲ್ ಸೀಲ್ ಕೂರಿಸುವಾಗ ಕೈಗವಸು ಹಾಕುವ ಹಾಗಿಲ್ಲ. ರಬ್ಬರಿನ ಆ ಬಳೆ ಕೂದಲೆಳೆಯಷ್ಟು ಓರೆಯಾಗಿ ಕೂತರೂ ಬೆರಳ ತುದಿಗೆ ಗೊತ್ತಾಗಬೇಕು. ಅದಕ್ಕೇ ಕೆಂಜೆಖಾನ್ ಕಜಾಖರ ನಾಡಿನ ಕರಗಂಡಾ ಊರಿನ ಚಳಿಗಾಲದಲ್ಲೂ ಬರಿಗೈಯಲ್ಲೇ ಕೆಲಸ ಮಾಡುತ್ತಿದ್ದ. ಗ್ಯಾರೇಜಿನಲ್ಲಿ ಕಲ್ಲಿದ್ದಲ ಒಲೆ ಒಂದಿತ್ತು, ಇಲ್ಲವೆಂದಲ್ಲ. ಅದರ ಕಾವು ಗಿರಾಕಿಗಳು ಕೂರುವ ಸೋಫಾದವರೆಗೆ ಬಂದು ಅಲ್ಲೇ ನಿಲ್ಲುತ್ತಿತ್ತು. ಗುಂಡಿಯಲ್ಲಿಳಿದು ಕಾರಿನ ಕೆಳಗೆ ನಿಂತವನ ಪಾಲಿಗೆ ಬರುತ್ತಿದ್ದದ್ದು ನೆಲದ ಥಂಡಿ ಮಾತ್ರ. ಹೊರಗಿನಿಂದ ಆಗಷ್ಟೇ ತಂದ ಕಬ್ಬಿಣ ಮುಟ್ಟಿದರೆ ಅಂಗೈಯ ಚರ್ಮ ಅದಕ್ಕೇ ಅಂಟಿಕೊಂಡು ಬರುತ್ತಿತ್ತು. ಮೂರು ಚಳಿಗಾಲದಲ್ಲಿ ಅವನ ಬೆರಳುಗಳು ಒಡೆದು ಒಡೆದು, ಬಿರುಕಿನೊಳಗೆಲ್ಲ ಕರಿ ಆಯಿಲ್ ಕೂತು, ಸೋಪಿಗೂ ಹೋಗದ ಗೆರೆಗಳಾಗಿದ್ದವು.

ಅವನು ಗಡಿಯಾಚೆಯವನು. ಚೀನಾ ಕಡೆಯ ಅಲ್ತಾಯ್ ಬೆಟ್ಟದ ಬುಡದಲ್ಲಿ ಹದಿನೆಂಟು ವರ್ಷ ಟ್ರಾಕ್ಟರು, ಲಾರಿ ರಿಪೇರಿ ಮಾಡಿದವನು. ಕಜಾಖರು ಕಜಾಖರ ದೇಶದಲ್ಲಿ ಬದುಕಬೇಕು ಅಂತ ಯಾರೋ ಹೇಳಿದ್ದನ್ನು ನಂಬಿ, ಮನೆ ಮಾರಿ, ಕುರಿ ಮಾರಿ, ಹೆಂಡತಿ ಅಖ್ಮಾರಲ್ ಮತ್ತು ಇಬ್ಬರು ಹೆಣ್ಣುಮಕ್ಕಳನ್ನು ಕಟ್ಟಿಕೊಂಡು ಬಂದಿದ್ದ. ಬಂದ ಮೇಲೆ ಗೊತ್ತಾಯಿತು, ತನ್ನವರ ದೇಶದಲ್ಲೂ ವಿಳಾಸ ಇಲ್ಲದವನು ಮನುಷ್ಯನಲ್ಲ. ಯಾರದಾದರೂ ಮನೆಯಲ್ಲಿ ವಾಸ ಅಂತ ಸರ್ಕಾರಿ ಕಾಗದದಲ್ಲಿ ಹೆಸರು ಬರೆಸಬೇಕು. ಆ ನೋಂದಣಿ ಇದ್ದರೆ ಪೌರತ್ವದ ಅರ್ಜಿ ಮುಂದೆ ಹೋಗುತ್ತದೆ. ನಡುವೆ ಹೆಸರು ತೆಗೆದರೋ, ಅರ್ಜಿ ಬಿತ್ತು, ಮೂಟೆ ಕಟ್ಟಬೇಕು.

ಗ್ಯಾರೇಜಿನ ಯಜಮಾನ ಟೆಲ್ಮಾನ್ ಮೊದಲ ದಿನ ಕೇಳಿದ್ದು ಕೆಲಸದ ವಿಷಯವಲ್ಲ. "ನಿನ್ನ ಏಳು ತಲೆ ಹಿರಿಯರ ಹೆಸರು ಹೇಳು" ಅಂದಿದ್ದ. ಹೇಳಿದ. ಐದನೆಯ ಹೆಸರಿಗೆ ಬರುವಷ್ಟರಲ್ಲಿ ಟೆಲ್ಮಾನ್ ಎದ್ದು ತಬ್ಬಿಕೊಂಡಿದ್ದ. "ನಮ್ಮ ಬಳ್ಳಿಯವನೇ ನೀನು! ತಮ್ಮಾ, ನೀನು ನನ್ನ ರಕ್ತ ಕಣೋ." ಆ ವಾರವೇ ತನ್ನ ಹಳೇ ಮನೆಯ ವಿಳಾಸಕ್ಕೆ ನಾಲ್ವರ ಹೆಸರನ್ನೂ ಸೇರಿಸಿದ. ಎರಡು ಕೋಣೆಯ ಆ ಮನೆಯಲ್ಲಿ ಕಾಗದದ ಪ್ರಕಾರ ಹನ್ನೊಂದು ಜನ ವಾಸ. ನಿಜಕ್ಕೂ ಅಲ್ಲಿದ್ದದ್ದು ಒಂದು ನಾಯಿ. ಹನ್ನೊಂದು ಜನರೂ ಟೆಲ್ಮಾನನಿಗೆ ದುಡಿಯುವವರು, ಇಲ್ಲವೇ ದುಡಿಯುವವರ ಹೆಂಡತಿ ಮಕ್ಕಳು. ಅಷ್ಟು ದೊಡ್ಡ ನೆಂಟಸ್ತಿಕೆ ಸಿಕ್ಕಿದ ಮೇಲೆ ಭಾನುವಾರ ರಜೆ ಕೇಳಲಾಗುತ್ತದೆಯೇ? ಕೆಂಜೆಖಾನ್ ಕೇಳಲಿಲ್ಲ. ಅರ್ಜಿಯ ತೀರ್ಮಾನ ವಸಂತಕ್ಕೆ ಬರುತ್ತದೆ ಅಂತ ಕಚೇರಿಯವರು ಹೇಳಿದ್ದರು. ಅಲ್ಲಿಯವರೆಗೆ ಬಾಯಿ ಮುಚ್ಚಿಕೊಂಡು ಇರುವುದು, ಅಷ್ಟೇ.

ಡಿಸೆಂಬರಿನಲ್ಲಿ ಯೆರ್ನಾರ್ ಬಂದ. ಇಪ್ಪತ್ತೆರಡರ ಹುಡುಗ. ಅವನಪ್ಪ ಆ ಭಾಗದ ಅಗ್ನಿ ಸುರಕ್ಷೆಯ ಇನ್ಸ್‌ಪೆಕ್ಟರು. ಆಯಿಲ್ ಡ್ರಮ್ಮು, ವೆಲ್ಡಿಂಗು, ಕಲ್ಲಿದ್ದಲ ಒಲೆ ಒಂದೇ ಸೂರಿನಡಿ ಇಟ್ಟುಕೊಂಡ ಟೆಲ್ಮಾನನ ಗ್ಯಾರೇಜಿಗೆ ಬೀಗ ಹಾಕಿಸಲು ಆ ಮನುಷ್ಯನ ಒಂದು ಸಹಿ ಸಾಕು. ಹುಡುಗನ ಹತ್ತಿರ ಹಳೆಯ ಜಪಾನಿ ಕಾರಿತ್ತು. ಅದಕ್ಕೆ ಟರ್ಬೊ ಹಾಕಬೇಕು, ರಸ್ತೆಯಲ್ಲಿ ಹೊರಟರೆ ಊರಿಗೆಲ್ಲ ಕೇಳಬೇಕು ಅಂದ.

ಕಾರಿಗೆ ಬಲ ಕೂಡಿಸುವವರು ಮೊದಲು ಮರೆಯುವುದು ಆಯಿಲನ್ನು. ಎಂಜಿನ್ನಿಗೆ ಹೊಸ ಬಲ ಬಂದರೆ ಆಯಿಲು ಹೊಸ ದಾರಿ ಹುಡುಕುತ್ತದೆ. ಕೆಂಜೆಖಾನ್ ಮರೆಯುವವನಲ್ಲ. ಮೂರು ವಾರ ಅದರ ಹಿಂದೆ ಬಿದ್ದ. ಟರ್ಬೊದಿಂದ ಆಯಿಲ್ ವಾಪಸು ಬರುವ ಪೈಪನ್ನು ಎಲ್ಲೂ ಏರಿಲ್ಲದ ಹಾಗೆ ಇಳಿಜಾರಾಗಿ ಕೂರಿಸಿದ. ಹಳೆಯ ತಾಮ್ರದ ವಾಷರುಗಳನ್ನೆಲ್ಲ ಎಸೆದು ಹೊಸದು ಹಾಕಿದ. ಆಯಿಲ್ ಚೇಂಬರಿನ ಅಂಚನ್ನು ಗೀರು ಬೀಳದಂತೆ ಮರದ ಚಕ್ಕೆಯಿಂದ ಕೆರೆದು ಸ್ವಚ್ಛ ಮಾಡಿದ. ಗಮ್ಮನ್ನು ಎಳೆಯಷ್ಟೇ ಸಣ್ಣಗೆ ಹಚ್ಚಿದ. ಜಾಸ್ತಿ ಮೆತ್ತಿದರೆ ಅದು ಒಳಗೆ ಕಿತ್ತುಹೋಗಿ ಆಯಿಲ್ ಜಾಲರಿಯ ಗಂಟಲು ಕಟ್ಟುತ್ತದೆ. ಬೋಲ್ಟುಗಳನ್ನು ಎದುರು ಬದುರಾಗಿ, ಸ್ವಲ್ಪ ಸ್ವಲ್ಪವೇ ಬಿಗಿದ. ಎಂಜಿನ್ನಿನೊಳಗೆ ತಿರುಗುವ ಕ್ರ್ಯಾಂಕ್ ದಂಡದ ಹಿಂದಿನ ದೊಡ್ಡ ಸೀಲಿನ ತುಟಿಗೆ ಆಯಿಲ್ ಸವರಿ, ಸುತ್ತಿಗೆ ಮುಟ್ಟಿಸದೆ, ಹೆಬ್ಬೆರಳಲ್ಲೇ ಒತ್ತಿ ಒತ್ತಿ ಕೂರಿಸಿದ. ಜೋಡಣೆಗಳ ಮೇಲೆಲ್ಲ ಸೀಮೆಸುಣ್ಣದ ಪುಡಿ ಉದುರಿಸಿ, ಕೆಳಗೆ ಬಿಳಿ ಕಾಗದ ಹಾಸಿ, ದಿನವೆಲ್ಲ ಎಂಜಿನ್ ಓಡಿಸಿದ. ಕಾಗದದ ಮೇಲೆ ಒಂದು ಚುಕ್ಕೆ ಬೀಳಲಿಲ್ಲ. ಆ ಹೊತ್ತು ಅವನಿಗಾದ ಸಂತೋಷವನ್ನು ಯಾರಿಗೂ ಹೇಳಿಕೊಳ್ಳಲಿಲ್ಲ. ಕೇಳುವವರು ಯಾರಿದ್ದರು?

ಎಲ್ಲ ಮುಗಿದ ಮೇಲೆ ಯೆರ್ನಾರ್ ಒಂದು ಪೆಟ್ಟಿಗೆ ತಂದ. ಅದರಲ್ಲೊಂದು ಹೊಳೆಯುವ ಕೆಂಪು ಡಬ್ಬಿ, ಉದ್ದನೆಯ ನೀಲಿ ಪೈಪು. ಎಂಜಿನ್ನೂ ಉಸಿರಾಡುತ್ತದೆ. ಅದರ ಹೊಟ್ಟೆಯ ಹೊಗೆ, ಹಬೆ ಹೊರಗೆ ಹೋಗಲು ಬ್ರೀದರ್ ಪೈಪು ಅಂತ ಇರುತ್ತದೆ. ಮೊದಲಿದ್ದದ್ದು ಗಿಡ್ಡ ಪೈಪು, ಎಂಜಿನ್ನಿನ ಹಿಂದೆ ಬೆಚ್ಚಗಿನ ಜಾಗದಲ್ಲಿ ಅಡಗಿತ್ತು. ಹುಡುಗ ತಂದದ್ದು ಆ ಹಬೆ ಹಿಡಿಯುವ ಡಬ್ಬಿ, ಅದು ಜನರಿಗೆ ಕಾಣಬೇಕಿತ್ತು. ಡಬ್ಬಿ ಮುಂದೆ, ರೇಡಿಯೇಟರಿನ ಪಕ್ಕ ಬರಬೇಕು, ಬಾನೆಟ್ ಎತ್ತಿದರೆ ನೋಡಿದವರು ಫೋಟೊ ತೆಗೆಯಬೇಕು.

"ಬೇಡ ತಮ್ಮಾ" ಅಂದ ಕೆಂಜೆಖಾನ್. "ಮುಂದೆ ಇಟ್ರೆ ಗಾಳಿ ನೇರ ಹೊಡೆಯುತ್ತೆ. ಸೊನ್ನೆಗಿಂತ ಮೂವತ್ತು ಡಿಗ್ರಿ ಕೆಳಗೆ ಚಳಿ ಬಿದ್ರೆ ಪೈಪಿನೊಳಗಿನ ಹಬೆ ಗಡ್ಡೆ ಕಟ್ಟುತ್ತೆ. ಉಸಿರು ಬಿಡೋಕೆ ದಾರಿ ಇಲ್ದಿದ್ರೆ ಎಂಜಿನ್ನು ಎಲ್ಲಿ ಮೆತ್ತಗಿದೆಯೋ ಅಲ್ಲಿ ಒಡ್ಕೊಂಡು ಬರುತ್ತೆ. ಮೆತ್ತಗಿರೋದು ಸೀಲು. ಅದು ಈಚೆ ಬಂದ್ರೆ ಆಯಿಲೆಲ್ಲ ರಸ್ತೆ ಪಾಲು."

"ನಾನು ಕೇಳಿದ್ದು ಕಾರಿನ ಕೆಲಸ, ಹವಾಮಾನ ವರದಿ ಅಲ್ಲ" ಅಂದ ಹುಡುಗ.

ಟೆಲ್ಮಾನ್ ಕೆಂಜೆಖಾನನ ತೋಳು ಹಿಡಿದು ಪಕ್ಕಕ್ಕೆ ಎಳೆದ. ಸಾಹೇಬರ ಮಗನನ್ನು ತಮ್ಮ ಗಿಮ್ಮ ಅನ್ನಬೇಡ ಅಂದ. "ಅವರು ಎತ್ತು ಈಯಿತು ಅಂದ್ರೆ ಕೊಟ್ಟಿಗೇಲಿ ಕಟ್ಟು. ಅಷ್ಟೇ ನಿನ್ನ ಕೆಲಸ."

ಕಟ್ಟಿದ. ಆದರೂ ಮನಸ್ಸು ತಡೆಯಲಿಲ್ಲ. ಮನೆಯಲ್ಲಿ ಅಖ್ಮಾರಲ್ ಕೈಯಲ್ಲಿ ಹಳೆಯ ಉಣ್ಣೆ ಜಮಖಾನೆಯ ಅಂಚು ಕೊಯ್ಯಿಸಿಕೊಂಡು ಬಂದು ನೀಲಿ ಪೈಪಿಗೆ ಸುತ್ತಿದ. ಕಾರು ಒಯ್ಯಲು ಬಂದ ಯೆರ್ನಾರ್ ಬಾನೆಟ್ ಎತ್ತಿ ನೋಡಿ ನಕ್ಕ. ನನ್ನ ಕಾರಿಗೆ ಕುರಿ ವೇಷ ಹಾಕಿದ್ದೀಯಾ ಅಂತ ಉಣ್ಣೆ ಪಟ್ಟಿಯನ್ನು ಕಿತ್ತು ಕಲ್ಲಿದ್ದಲ ಬಕೆಟ್ಟಿಗೆ ಎಸೆದ. ನೆಲ ಒರೆಸುತ್ತಿದ್ದ ಬತೀಮಾ ಅಜ್ಜಿ ಅದನ್ನೆತ್ತಿ ಕೊಡವಿ ತನ್ನ ಬೂಟಿನೊಳಗೆ ಹಾಕಿಕೊಂಡಳು. ಅವಳೂ ಗಡಿಯಾಚೆಯವಳೇ. ಗ್ಯಾರೇಜು ಗುಡಿಸಿ, ಕೆಲಸದವರಿಗೆ ಟೀ ಕಾಯಿಸಿ ಕೊಡುವವಳು. ಕಾಗದದ ಆ ಹನ್ನೊಂದು ಜನರಲ್ಲಿ ಅವಳೂ ಒಬ್ಬಳು.

ಜನವರಿಯ ಮೂರನೆಯ ವಾರ ಚಳಿ ಸೊನ್ನೆಗಿಂತ ಮೂವತ್ತೆಂಟು ಡಿಗ್ರಿ ಕೆಳಗಿಳಿಯಿತು. ಬೆಳಿಗ್ಗೆ ಹತ್ತಕ್ಕೆ ಫೋನು ಬಂತು. ಯೆರ್ನಾರನ ಕಾರು ಹೆದ್ದಾರಿಯಲ್ಲಿ ನಿಂತುಹೋಗಿದೆ. ಎಳೆದು ತರುವ ಗಾಡಿಯ ಜೊತೆ ಟೆಲ್ಮಾನ್, ಕೆಂಜೆಖಾನ್ ಇಬ್ಬರೂ ಹೋದರು. ಕಾರಿನ ಹಿಂದೆ ಬಿಳಿ ರಸ್ತೆಯ ಮೇಲೆ ಅರ್ಧ ಮೈಲಿ ಉದ್ದ ಕಪ್ಪು ಗೆರೆ ಬಿದ್ದಿತ್ತು. ಆಯಿಲೆಲ್ಲ ಸುರಿದು ಎಂಜಿನ್ನು ಕಚ್ಚಿಕೊಂಡು ಸತ್ತಿತ್ತು. ಹುಡುಗ ಗೆಳೆಯನ ಕಾರಿನಲ್ಲಿ ಹೀಟರ್ ಹಾಕಿಕೊಂಡು ಕೂತಿದ್ದ.

ಕೆಂಜೆಖಾನ್ ಬಾನೆಟ್ ಎತ್ತಿ ನೀಲಿ ಪೈಪು ಹಿಡಿದ. ಮೂಳೆಯ ಹಾಗೆ ಗಟ್ಟಿ. ಬಗ್ಗಿಸಿದರೆ ಒಳಗೆ ಗರಗರ ಅಂತ ಮಂಜುಗಡ್ಡೆ ಪುಡಿಯಾಗುವ ಸದ್ದು. ಕೆಂಪು ಡಬ್ಬಿಯ ಬಾಯಿಗೂ ಗಡ್ಡೆ ಬಿರಟೆ ಹಾಕಿದ ಹಾಗೆ ಕೂತಿತ್ತು. ಕಾರಿನಡಿ ತೂರಿ ನೋಡಿದ. ತಾನು ಹೆಬ್ಬೆರಳಲ್ಲಿ ಒತ್ತಿ ಕೂರಿಸಿದ್ದ ಸೀಲು ತೂಕಡಿಸುವವನ ನಾಲಗೆಯಂತೆ ಈಚೆ ಬಂದಿತ್ತು.

"ಅಣ್ಣಾ, ಇಲ್ನೋಡು, ಮುಟ್ಟಿ ನೋಡು" ಅಂದ. ಟೆಲ್ಮಾನ್ ಮುಟ್ಟಿದ. ಮೂವತ್ತು ವರ್ಷ ಎಂಜಿನ್ನಿನ ಜೊತೆ ಬಾಳಿದ ಕೈ ಅದು. ಒಂದು ಕ್ಷಣ ಹಾಗೇ ಹಿಡಿದಿದ್ದು ಬಿಟ್ಟ. ಕೆಂಜೆಖಾನ್ ಫೋಟೊ ತೆಗೆಯೋಣ ಅಂತ ಫೋನು ಈಚೆ ತೆಗೆದರೆ ಆ ಹಳೇ ಫೋನು ಚಳಿಗೆ ಒಮ್ಮೆ ಮಿನುಗಿ ಆರಿಹೋಯಿತು. ಪೈಪನ್ನಾದರೂ ಬಿಚ್ಚಿಕೊಳ್ಳುತ್ತೇನೆ, ಹೊರಗೆ ಹಿಮದಲ್ಲೇ ಇಟ್ಟಿರೋಣ ಅಂದ. ಟೆಲ್ಮಾನ್ ಬೇಡವೆಂದ. ಸಾಹೇಬರು ಬಂದು ನೋಡುವವರೆಗೆ ಒಂದು ಬೋಲ್ಟೂ ಮುಟ್ಟಕೂಡದು, ಮುಟ್ಟಿದರೆ ನೀನೇ ಏನೋ ಮಾಡಿದೆ ಅಂತಾರೆ ಅಂದ. ಅದೂ ಸರಿಯೆನ್ನಿಸಿತು ಈ ಬಡಪಾಯಿಗೆ.

ಗ್ಯಾರೇಜು ತಲುಪಿದಾಗ ಕಾರನ್ನು ಅಂಗಳದಲ್ಲೇ ಬಿಡೋಣ ಅಂದ ಕೆಂಜೆಖಾನ್. ಇನ್ಸ್‌ಪೆಕ್ಟರು ಬರುವುದು ಊಟವಾದ ಮೇಲೆ. ಅಲ್ಲಿಯವರೆಗೆ ಗಡ್ಡೆ ಗಡ್ಡೆಯಾಗಿಯೇ ಇರಲಿ.

"ಒಳಗೆ ತಳ್ಳು" ಅಂದ ಟೆಲ್ಮಾನ್.

"ಕರಗೋಗುತ್ತೆ ಅಣ್ಣಾ."

"ಅಷ್ಟು ದೊಡ್ಡ ಮನುಷ್ಯ ಬಂದು ಅಂಗಳದಲ್ಲಿ ನಡುಗ್ತಾ ನಿಲ್ಲಬೇಕಾ? ತಳ್ಳು ಅಂದೆ."

ಕೆಂಜೆಖಾನ್ ಡಿಕ್ಕಿಗೆ ಭುಜ ಕೊಟ್ಟ. ತಳ್ಳುತ್ತಾ ತಳ್ಳುತ್ತಾ ಟೆಲ್ಮಾನನ ಮುಖ ನೋಡಿದ. ಅವನಿಗೆ ಎಲ್ಲ ಗೊತ್ತು. ಗೊತ್ತಿದ್ದೇ ಹೇಳುತ್ತಿದ್ದಾನೆ. ತಾನು ನಿರಪರಾಧಿ ಅನ್ನುವ ಸಾಕ್ಷಿಯನ್ನು ತಾನೇ ಭುಜ ಕೊಟ್ಟು ಒಲೆಯ ಬಾಯಿಗೆ ತಳ್ಳುವುದೆಂದರೆ ಹೇಗಿರುತ್ತದೆ, ಅದನ್ನು ತಳ್ಳಿದವನೇ ಬಲ್ಲ. ಕಾರಿನ ಮೂತಿ ಒಲೆಯ ಪಕ್ಕ ಬಂದು ನಿಂತಿತು. ಟೆಲ್ಮಾನ್ ತನ್ನ ಕೈಯಾರೆ ಎರಡು ಬಕೆಟ್ ಕಲ್ಲಿದ್ದಲು ಸುರಿದ. ಮೂರು ಚಳಿಗಾಲದಲ್ಲಿ ಆ ಒಲೆ ಅಷ್ಟು ಉರಿದದ್ದನ್ನು ಕೆಲಸದವರು ಯಾರೂ ನೋಡಿರಲಿಲ್ಲ. ಅರ್ಧ ಗಂಟೆಗೆ ನೀಲಿ ಪೈಪು ತೊಟ್ಟಿಕ್ಕಲು ಶುರುವಾಯಿತು. ಬತೀಮಾ ಅಜ್ಜಿ ಬಟ್ಟೆ ತಂದು ಒರೆಸತೊಡಗಿದಳು.

ಇನ್ಸ್‌ಪೆಕ್ಟರು ಮೂರು ಗಂಟೆಗೆ ಮಗನ ಜೊತೆ ಬಂದ. ಬಂದವನು ಕಾರು ನೋಡಲಿಲ್ಲ. ಚಿಮಣಿ ನೋಡಿದ, ಆಯಿಲ್ ಡ್ರಮ್ಮುಗಳನ್ನು ನೋಡಿದ, ವೆಲ್ಡಿಂಗ್ ಸಿಲಿಂಡರು ನೋಡಿದ. ಅವನ ಕಣ್ಣು ಹೋದಲ್ಲೆಲ್ಲ ಟೆಲ್ಮಾನನ ಜೀವ ಹೋಗಿ ಬಂತು. ಟೀ, ಎಣ್ಣೆಯಲ್ಲಿ ಕರಿದ ಹಿಟ್ಟಿನುಂಡೆ ಬೌರ್ಸಾಕು, ಕುದುರೆ ಮಾಂಸ ಎಲ್ಲ ಮೇಜಿಗೆ ಬಂದವು. ತಿಂದು ಬಾಯಿ ಒರೆಸಿಕೊಂಡ ಮೇಲೆ ಇನ್ಸ್‌ಪೆಕ್ಟರು ಕಾರಿನಡಿ ಬಗ್ಗಿ ನೋಡದೆ ಕೂತಲ್ಲಿಂದಲೇ ಕೇಳಿದ.

"ಆ ಸೀಲು ಕೂರಿಸಿದ್ದು ಯಾರಯ್ಯಾ?"

"ನಾನೇ ಸ್ವಾಮಿ."

"ಈಗ ಈಚೆ ಬಂದಿದೆಯೋ, ಇಲ್ಲವೋ?"

"ಬಂದಿದೆ ಸ್ವಾಮಿ. ಆದ್ರೆ ಪೈಪಿನೊಳಗೆ ಗಡ್ಡೆ..."

"ಎಲ್ಲಿದೆ ಗಡ್ಡೆ? ತೋರ್ಸು."

ಕೆಂಜೆಖಾನ್ ಪೈಪು ಬಿಚ್ಚಿ ತಲೆಕೆಳಗು ಮಾಡಿದ. ಒಂದು ಬೊಗಸೆ ಕೊಳಕು ನೀರು ಸುರಿಯಿತು. ಇದೇ ಸ್ವಾಮಿ ಅಂದ. ನೀರು ಎಲ್ಲಿ ಇರಲ್ಲ ಅಂದ ಇನ್ಸ್‌ಪೆಕ್ಟರು. ಬೆಳಿಗ್ಗೆ ಅದು ಗಡ್ಡೆಯಾಗಿತ್ತು, ಯಜಮಾನರು ಮುಟ್ಟಿ ನೋಡಿದ್ದಾರೆ ಅಂದ ಕೆಂಜೆಖಾನ್. ಎಲ್ಲರೂ ಟೆಲ್ಮಾನನ ಕಡೆ ತಿರುಗಿದರು. ಟೆಲ್ಮಾನ್ ಕೈಯಲ್ಲಿದ್ದ ಟೀ ಬಟ್ಟಲನ್ನು ನೋಡಿಕೊಂಡ.

"ನಾನು ಹಾಗೇನೂ ಕಾಣ್ಲಿಲ್ಲ" ಅಂದ.

ಮುಗಿಯಿತು. ಮೂರು ವಾರದ ಕೆಲಸ ಮೂರು ಪದಕ್ಕೆ ಹೋಯಿತು. ಕುಂಬಾರನಿಗೆ ವರ್ಷ, ದೊಣ್ಣೆಗೆ ನಿಮಿಷ ಅನ್ನುವುದು ಸುಮ್ಮನೆ ಅಲ್ಲ.

ಇನ್ಸ್‌ಪೆಕ್ಟರಿಗೆ ಒಂದು ಬರಹ ಬೇಕಿತ್ತು. ಮಗ ಓಡಿಸಿ ಹಾಳು ಮಾಡಿದ ಅಂತ ನಾಳೆ ಊರವರು ಆಡಿಕೊಳ್ಳಬಾರದು. ಕೆಲಸದವನ ತಪ್ಪಿನಿಂದ ಎಂಜಿನ್ ಹೋಯಿತು ಅಂತ ಕೆಲಸದವನೇ ಬರೆದುಕೊಡಲಿ, ಗ್ಯಾರೇಜಿನವರು ಹೊಸ ಎಂಜಿನ್ ಹಾಕಿಕೊಡಲಿ, ನಾನು ಚಿಮಣಿ ನೋಡಿಲ್ಲ ಅಂದುಕೊಳ್ಳುತ್ತೇನೆ ಅಂದ. ಕೆಂಜೆಖಾನ್ ಬರೆಯುವುದಿಲ್ಲವೆಂದ. ಹೊಸ ಸೀಲು ಹಾಕಿ, ಬೇರೆ ಎಂಜಿನ್ನಿಗೆ ಇದೇ ಪೈಪು ಕಟ್ಟಿ, ಒಂದು ದಿನ ಈ ಚಳಿಯಲ್ಲಿ ಓಡಿಸಿ ನೋಡಿ, ಸೀಲು ನಿಂತರೆ ನನ್ನ ಕೈ ಕತ್ತರಿಸಿ ಅಂದ. ಹುಡುಗ ಮೊಬೈಲಿನಿಂದ ತಲೆ ಎತ್ತಲಿಲ್ಲ.

ಟೆಲ್ಮಾನ್ ಅವನನ್ನು ಟೈರುಗಳ ಹಿಂದೆ ಕರೆದೊಯ್ದ. ದನಿ ಮೆತ್ತಗಿತ್ತು.

"ತಮ್ಮಾ, ಏಳು ತಲೆ ಎಣಿಸಿದ್ರೆ ನಾವಿಬ್ರೂ ಒಂದೇ. ಒಂದು ಹಾಳೆ ಬರ್ಕೊಟ್ರೆ ನಿಂಗೇನು ಹೋಗುತ್ತೆ? ನೀನೇನು ಜೈಲಿಗೆ ಹೋಗ್ತೀಯಾ?"

"ನಾನು ಸರಿಯಾಗಿ ಕೂರಿಸಿದ್ದೆ ಅಣ್ಣಾ. ನಿಂಗೂ ಗೊತ್ತು."

"ಗೊತ್ತು ಕಣೋ. ಗೊತ್ತಿದ್ದು ಏನ್ಮಾಡ್ಲಿ? ಅವ್ನು ಬೀಗ ಹಾಕಿದ್ರೆ ನಿಂಗೂ ಇಲ್ಲ, ನಂಗೂ ಇಲ್ಲ." ಆಮೇಲೆ ದನಿ ಬದಲಾಯಿತು. "ಬರೀತೀಯೋ, ಇಲ್ಲಾ ನಾಳೆ ಬೆಳಿಗ್ಗೆ ಆಫೀಸಿಗೆ ಹೋಗಿ ನಿಮ್ಮ ನಾಲ್ಕೂ ಹೆಸರು ತೆಗೆಸ್ಲೋ? ಎರಡ್ರಲ್ಲಿ ಒಂದು ಹೇಳು."

ಬಡವನ ಸಿಟ್ಟು ದವಡೆಗೆ ಮೂಲ. ಕೆಂಜೆಖಾನ್ ಹಲ್ಲು ಕಚ್ಚಿಕೊಂಡು ಬಂದು ಮೇಜಿನ ಮುಂದೆ ಕೂತ.

ಇಲ್ಲೊಂದು ತೊಡಕಾಯಿತು. ಈ ದೇಶದ ಕಜಾಖರು ಬರೆಯುವುದು ರಷ್ಯನ್ ಅಕ್ಷರದಲ್ಲಿ. ಅದನ್ನವನು ತಡವರಿಸಿ ಓದಬಲ್ಲ, ಬರೆಯಲಾರ. ಅವನು ಕಲಿತದ್ದು ಗಡಿಯಾಚೆಯ ಅಕ್ಷರ, ಬಲದಿಂದ ಎಡಕ್ಕೆ ಬರೆಯುವ ಅರಬ್ಬಿ ಅಕ್ಷರ. ಮಾತು ಒಂದೇ, ಲಿಪಿ ಬೇರೆ. ಇನ್ಸ್‌ಪೆಕ್ಟರು ಗಡಿಯಾರ ನೋಡಿಕೊಂಡು, ಅವನಿಗೆ ಬರೋ ಅಕ್ಷರದಲ್ಲೇ ಬರೆಯಲಿ, ಕೆಳಗೆ ನೀನು ನಮ್ಮ ಅಕ್ಷರದಲ್ಲಿ ಬರೆದು ಸಹಿ ಹಾಕು ಅಂತ ಟೆಲ್ಮಾನನಿಗೆ ಹೇಳಿದ. ಟೆಲ್ಮಾನ್ ಮೂರು ಸಾಲು ಹೇಳಿದ. ಸೀಲನ್ನು ನಾನು ತಪ್ಪಾಗಿ ಕೂರಿಸಿದೆ. ಅದರಿಂದ ಆಯಿಲ್ ಸೋರಿ ಎಂಜಿನ್ ಹಾಳಾಯಿತು. ತಪ್ಪು ನನ್ನದೇ, ಬೇರೆ ಯಾರದೂ ಅಲ್ಲ.

ಕೆಂಜೆಖಾನ್ ಆ ಮೂರು ಸಾಲು ಬರೆಯಲೆಂದೇ ಪೆನ್ನು ಹಿಡಿದ, ದೇವರಾಣೆ. 'ಸೀಲನ್ನು ನಾನು' ಅಂತ ಬರೆದ. ಆಮೇಲೆ ಕೈ ಕೇಳಲಿಲ್ಲ. 'ಸರಿಯಾಗಿ ಕೂರಿಸಿದ್ದೆ' ಅಂತ ಬರೆಯಿತು. ಒಂದು ಹನಿಯೂ ಸೋರುತ್ತಿರಲಿಲ್ಲ ಅಂತ ಬರೆಯಿತು. ಪೈಪು ಮುಂದೆ ಬೇಡ ಅಂದೆ, ಕೇಳಲಿಲ್ಲ. ಉಣ್ಣೆ ಸುತ್ತಿದೆ, ಕಿತ್ತೆಸೆದರು. ರಸ್ತೆಯಲ್ಲಿ ಅದು ಗಡ್ಡೆಯಾಗಿತ್ತು. ಟೆಲ್ಮಾನ್ ಮುಟ್ಟಿ ನೋಡಿದ. ನೋಡಿಯೂ ಒಲೆ ಹಚ್ಚಿ ಕರಗಿಸಿದ. ನನ್ನ ಕೆಲಸದಲ್ಲಿ ತಪ್ಪಿಲ್ಲ. ನನ್ನ ಹೆಸರು ಕೆಂಜೆಖಾನ್. ಬರೆದು ಮುಗಿಸಿದಾಗ ಎದೆ ಹಗುರಾಗಿತ್ತು. ಈ ಕೋಣೆಯಲ್ಲಿ ಯಾರಿಗೂ ಓದಲು ಬಾರದು. ಬೀರುವಿನಲ್ಲಿ ಕೊಳೆತರೂ ನಿಜ ನಿಜವಾಗಿಯೇ ಕೊಳೆಯಲಿ ಅಂದುಕೊಂಡ.

ಇನ್ಸ್‌ಪೆಕ್ಟರು ಹಾಳೆ ತೆಗೆದುಕೊಂಡು ನೋಡಿದ. ಹುಬ್ಬು ಗಂಟಿಕ್ಕಿತು.

"ನೀನು ಹೇಳಿದ್ದು ಮೂರು ಸಾಲು" ಅಂದ ಟೆಲ್ಮಾನನಿಗೆ. "ಇವನು ಒಂಬತ್ತು ಬರೆದಿದ್ದಾನಲ್ಲಯ್ಯಾ."

ಟೆಲ್ಮಾನನ ಮುಖ ಕಪ್ಪಿಟ್ಟಿತು. ಏನು ಬರೆದೆಯೋ ಅಂದ. ನಡೆದದ್ದು ಬರೆದೆ ಅಂದ ಕೆಂಜೆಖಾನ್. ಟೆಲ್ಮಾನ್ ಸುತ್ತ ನೋಡಿದ. ಕಾರಿನ ಮೂತಿಯ ಕೆಳಗೆ ಮೊಣಕಾಲೂರಿ ನೀರು ಹಿಂಡುತ್ತಿದ್ದ ಬತೀಮಾ ಅಜ್ಜಿ ಕಣ್ಣಿಗೆ ಬಿದ್ದಳು.

"ಏ ಅಜ್ಜಿ, ನೀನೂ ಆ ಕಡೆಯೋಳೇ ಅಲ್ವಾ? ಇದನ್ನ ಓದೋಕೆ ಬರುತ್ತಾ?"

ಅಜ್ಜಿ ಎದ್ದು ಕೈ ಒರೆಸಿಕೊಂಡು ಬಂದಳು. ಬರುತ್ತೆ ಅಂದಳು. ಕೆಂಜೆಖಾನನ ಇಬ್ಬರು ಹೆಣ್ಣುಮಕ್ಕಳು ಕಣ್ಣ ಮುಂದೆ ಬಂದರು. ದೊಡ್ಡವಳು ಶಾಲೆಯಲ್ಲಿ ಹೊಸ ಅಕ್ಷರ ಕಲಿತು ಅಪ್ಪನಿಗೆ ಕಲಿಸಲು ಕೂರುತ್ತಿದ್ದಳು. ಹಾಳೆಯನ್ನು ಕಿತ್ತುಕೊಂಡು ಒಲೆಗೆ ಹಾಕಲೇ ಅನ್ನಿಸಿತು. ಹೊತ್ತು ಮೀರಿತ್ತು.

ಅಜ್ಜಿ ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದಳು. ತುದಿಯಿಂದ ತುದಿಗೆ ಒಂದು ಸಲ ಮನಸ್ಸಿನಲ್ಲೇ ಓದಿಕೊಂಡಳು. ತುಟಿ ಅಲುಗಿತು, ಮುಖ ಅಲುಗಲಿಲ್ಲ. ಆಮೇಲೆ ಮೊದಲ ಸಾಲಿನ ಬಲತುದಿಗೆ ಬೆರಳಿಟ್ಟು ಗಟ್ಟಿಯಾಗಿ ಓದಿದಳು.

"ಸೀಲನ್ನು ನಾನು ತಪ್ಪಾಗಿ ಕೂರಿಸಿದೆ. ಅವಸರ ಮಾಡಿದೆ. ಯಜಮಾನರು ನಿಧಾನ ಮಾಡು ಅಂದಿದ್ದರು, ನಾನು ಕೇಳಲಿಲ್ಲ. ಚಳಿಗೆ ನನ್ನ ಕೈ ನಡುಗುತ್ತಿತ್ತು." ಬೆರಳು ಸಾಲು ಸಾಲಾಗಿ ಎಡಕ್ಕೆ ಸರಿಯುತ್ತಾ ಕೆಳಗಿಳಿಯಿತು. "ಅದರಿಂದ ಆಯಿಲ್ ಸೋರಿ ಎಂಜಿನ್ ಹಾಳಾಯಿತು. ಸಾಹೇಬರ ಮಗನದು ಏನೂ ತಪ್ಪಿಲ್ಲ. ತಪ್ಪು ನನ್ನದೇ, ಬೇರೆ ಯಾರದೂ ಅಲ್ಲ. ನನ್ನ ಮಕ್ಕಳ ಮುಖ ನೋಡಿ ಕ್ಷಮಿಸಬೇಕು. ನನ್ನ ಹೆಸರು ಕೆಂಜೆಖಾನ್."

ಒಂಬತ್ತು ಸಾಲಿಗೆ ಒಂಬತ್ತೂ ಸರಿಹೋಯಿತು. ಎಲ್ಲೂ ತಡವರಿಸಲಿಲ್ಲ. ಇನ್ಸ್‌ಪೆಕ್ಟರಿಗೆ ಖುಷಿಯಾಯಿತು. ಒಳ್ಳೇ ಮನುಷ್ಯ, ತಪ್ಪು ಒಪ್ಪಿಕೊಳ್ಳೋಕೂ ಗುಂಡಿಗೆ ಬೇಕು ಅಂದ. ಟೆಲ್ಮಾನ್ ಅಜ್ಜಿ ಹೇಳಿದ್ದನ್ನೇ ಕೆಳಗೆ ರಷ್ಯನ್ ಅಕ್ಷರದಲ್ಲಿ ಬರೆದ, ಸಹಿ ಹಾಕಿದ, ಗ್ಯಾರೇಜಿನ ಮೊಹರು ಒತ್ತಿದ. ಮೇಲೆ ಬಲದಿಂದ ಎಡಕ್ಕೆ ನಿಜ, ಕೆಳಗೆ ಎಡದಿಂದ ಬಲಕ್ಕೆ ಸುಳ್ಳು, ಎರಡಕ್ಕೂ ಒಂದೇ ಮೊಹರು. ಹಾಳೆ ಇನ್ಸ್‌ಪೆಕ್ಟರನ ಚೀಲ ಸೇರಿತು.

ಅಜ್ಜಿ ಬಕೆಟ್ಟು ಎತ್ತಿಕೊಂಡು ಅಂಗಳಕ್ಕೆ ಹೋದಳು. ಕೆಂಜೆಖಾನ್ ಕೋಟೂ ಹಾಕಿಕೊಳ್ಳದೆ ಹಿಂದೆ ಓಡಿದ. ನೀನು ಉಳಿಸಿದೆ ಅನ್ನಬೇಕೆಂದಿದ್ದ. ಬಾಯಿಗೆ ಬಂದದ್ದು ಬೇರೆ.

"ಅಜ್ಜಿ, ನಾನು ಬರ್ದಿದ್ದು ಅದಲ್ಲ."

ಅವಳು ನೀರು ಚೆಲ್ಲಿ ಬಕೆಟ್ಟನ್ನು ಬೋರಲು ಹಾಕಿದಳು. ಕಣ್ಣಲ್ಲಿ ಮಮತೆ ಇರಲಿಲ್ಲ, ಸಿಟ್ಟಿತ್ತು.

"ಓದ್ದೆ ಕಣೋ, ಓದ್ದೆ. ನೀನೇನೋ ಧೈರ್ಯವಂತ, ಬರ್ದುಬಿಟ್ಟೆ. ನಿನ್ನ ಹೆಣ್ಮಕ್ಕಳಿಗೋಸ್ಕರ, ಆ ವಿಳಾಸದಲ್ಲಿರೋ ನನ್ನ ಒಂದು ಹೆಸರಿಗೋಸ್ಕರ ನಾನು ಹೇಡಿ ಆದೆ. ಈ ಊರಲ್ಲಿ ನಮ್ಮ ಅಕ್ಷರ ಓದೋಕೆ ಬರೋದು ನಾಲ್ಕು ಜನಕ್ಕೆ. ಇನ್ನೊಂದು ಸಲ ಆ ನಾಲ್ಕು ಜನರ ಬಾಯಲ್ಲಿ ಹೀಗೆ ಸುಳ್ಳು ಓದಿಸ್ಬೇಡ ಮಗಾ."

ಒಳಗಿನಿಂದ ಟೆಲ್ಮಾನನ ಕೂಗು ಬಂತು. ಹೊಸ ಎಂಜಿನ್ ಗುರುವಾರ ಬರುತ್ತದಂತೆ. ಯೆರ್ನಾರ್ ಹೊರಡುವ ಮುಂಚೆ ಒಂದು ಸಲ ಜಾಗ ತೋರಿಸುತ್ತಾನಂತೆ. ಆ ಕೆಂಪು ಡಬ್ಬಿ ಮೊದಲಿದ್ದ ಕಡೆಯೇ ಬರಬೇಕು, ರೇಡಿಯೇಟರಿನ ಪಕ್ಕ, ಮುಂದೆ.

"ಬಂದೆ ಅಣ್ಣಾ" ಅಂದ ಕೆಂಜೆಖಾನ್.